ಸೋಬರ್ಸ್ ಆದ ಮ್ಯಾಲೆ ಯಾರು

ರಾಣೇಬೆನ್ನೂರು
20 ಜನವರಿ 2004

ದೋಸ್ತ ಅಂದಾನೆಪ್ಪಾ,

ಇಲ್ಲಿ ಎಲ್ಲಾರೂ ಆರಾಮ, ನನ್ನ ಹೊಲಿಗಿ ಮಷೀನಿನ ಪಟ್ಟಾ ಒಂದ ಬಿಟ್ಟು. ಮುಂಜಾನಿಂದ ಎರಡ ಸಲ ಹರದೇತಿ. ಬಕ್ರೀದಕ್ಕ ಹದಿನೈದ ದಿವಸಾನೂ ಉಳದಿಲ್ಲ, ಅಂಗಡಿ ತುಂಬ ಜುಬ್ಬಾದ ಅರಿವಿ ಬಿದ್ದಾವ. ಇಂಥಾದ್ರಾಗ ನಿನಗ ಬರಿಯಾಕ ಕುಂತೇನಿ ಅಂದ್ರ ಕೆಲಸ ದೊಡ್ಡದೈತಿ ಅಂತ ತಿಳಕೋ.

ಹಾವೇರಿಯಿಂದ ವಾರಪತ್ರಿಕೆ ತರತಾನಲ್ಲ, ವಿಜಯಮಹಾಂತೇಶ, ಅಂವ ಹ್ವಾದ ವಾರ ಪ್ಯಾಂಟಿನ ಅಳತಿ ಕೊಡಾಕ ಬಂದಿದ್ದ. ನಮ್ಮ ಟೀಮು ಮಾರ್ಚಿನಾಗ ಪಾಕಿಸ್ತಾನಕ್ಕ ಹೋಗೂದು ಬಹುತೇಕ ಖಾತ್ರಿ ಅಂತ. ಟೆಸ್ಟ್ ಸುರು ಆಗೂಕಿಂತ ಮೊದಲ ಒಂದು ಕ್ರಿಕೆಟ್ ಸಂಚಿಕಿ ಮಾಡತಾನಂತ. "ನಾಸೀರಣ್ಣ, ನಿಮ್ಮಂಗ ಲೆಕ್ಕ ಇಟ್ಟಾಂವ ಈ ಜಿಲ್ಲಾದಾಗ ಇನ್ನೊಬ್ಬಿಲ್ಲ. ಟೆಸ್ಟ್ ಕ್ರಿಕೆಟ್ಟಿನಾಗ ಎಲ್ಲಾರಕಿಂತ ದೊಡ್ಡ ಆಲ್‌ರೌಂಡರ್ ಯಾರು, ಬರದ ಕೊಡ್ರಿ. ಕೆಳಗ ನಿಮ್ಮ ಹೆಸರು, ಮ್ಯಾಲೆ ನಿಮ್ಮ ಫೋಟೋ" ಅಂದ. ಫೋಟೋ ಅಂದಕೂಡ್ಲೇ ನನ್ನ ಹೆಣ್ತಿ ಮಹಮೂದಾಬೇಗಂ ಒಳಗಿಂದ ಬಂದು "ಇವರ ಫೋಟೋ ಹಾಕಿದ್ರ ನಿಮ್ಮ ಪೇಪರ್ ಯಾರ ತಗೋತಾರಪಾ" ಅಂದ್ಲು. ಇಪ್ಪತ್ತೆರಡ ವರ್ಷದ ಸಂಸಾರದಾಗ ಇಷ್ಟರ ಮರ್ಯಾದಿ ಉಳಿಸ್ಯಾಳ.

ಲೇಖನ ಬರದೇನಿ, ಇದರ ಜೋಡಿ ಇಟ್ಟೇನಿ. ಅಚ್ಚಿಗೆ ಹೋಗೂಕಿಂತ ಮೊದಲ ನೀ ಓದಬೇಕು. ನೀ ಬ್ಯಾಡಗಿಗೆ ಹೋಗೂಕಿಂತ ಮೊದಲ ನಮ್ಮ ಊರ ಕ್ಲಬ್ಬಿನಾಗ ನಾ ಹನ್ನೆರಡ ವರ್ಷ ಸ್ಕೋರ್ ಬರದಾಂವ, ನೀ ಹನ್ನೆರಡ ವರ್ಷ ಬ್ಯಾಟಿಂಗೂ ಬೌಲಿಂಗೂ ಎರಡೂ ಮಾಡಿದಾಂವ. ಆಲ್‌ರೌಂಡರ್ ಅಂದ್ರ ಏನಂತ ನಿನಗ ಬಿಟ್ರ ಮತ್ಯಾರಿಗೆ ಕೇಳಲಿ?

ನನ್ನ ಲೆಕ್ಕ ಸರಳ ಐತಿ. ಬ್ಯಾಟಿಂಗ್ ಸರಾಸರಿಯೊಳಗಿಂದ ಬೌಲಿಂಗ್ ಸರಾಸರಿ ಕಳಿಯೂದು. ಹೊಡದದ್ದು ಹೆಚ್ಚಿರಬೇಕು, ಕೊಟ್ಟದ್ದು ಕಮ್ಮಿ ಇರಬೇಕು, ಉಳದದ್ದ ಅವನ ತೂಕ. ಸೋಬರ್ಸ್ 57.78, ಅದರಾಗ 34.03 ಕಳದ್ರ 23.75. ಅವನ ಹತ್ತರ ಯಾರೂ ಸುಳಿಯಂಗಿಲ್ಲ, ಮೊದಲನೇ ಸ್ಥಾನಕ್ಕ ತಕರಾರಿಲ್ಲ. ಎರಡನೇದು ಕಪಿಲ್. ಆಮ್ಯಾಲೆ ಮಿಲ್ಲರ್, ಇಮ್ರಾನ್, ಬಾಥಮ್, ಹ್ಯಾಡ್ಲಿ, ವಿನೂ ಮಂಕಡ. ಕ್ಯಾಲಿಸ್ ಇನ್ನೂ ಆಡಾಕತ್ತಾನ, ಅವನ ಲೆಕ್ಕ ಮುಗದಿಲ್ಲ, ಅದಕ್ಕ ಬಿಟ್ಟೇನಿ.

ನಿಮ್ಮ ಮೆಣಸಿನಕಾಯಿ ಅಂಗಡಿ ಫೋನಿಂದ ಮಾತ್ರ ಹಚ್ಚಬ್ಯಾಡ. ನಿಮ್ಮ ಸಾಹುಕಾರ ಆಕಡೆ ಕುಂತು ಎಲ್ಲಾ ಕೇಳತಾನ.

ನಿನ್ನ
ನಾಸೀರ

*

ಬ್ಯಾಡಗಿ
2 ಫೆಬ್ರುವರಿ 2004

ಲೇ ನಾಸೀರ,

ಈದ್ ಮುಬಾರಕ್! ನನ್ನ ಪಾಲಿನ ಶೀ ಅಡಿಗಿ ತೆಗದ ಇಡು, ಈ ಸೀಜನ್ನಿನಾಗ ಬರಾಕಾಗಂಗಿಲ್ಲ. ಇವತ್ತ ಸೋಮವಾರ, ಮಾರ್ಕೆಟ್ಟಿನ ದಿವಸ. ಮೆಣಸಿನಕಾಯಿ ಚೀಲ ರಸ್ತೆದ ತನಕಾ ಬಂದಾವ. ಊರಿಗೆ ಊರ ಸೀನಾಕತ್ತೇತಿ, ನಾ ಮೂಗಿಗೆ ಟವೆಲ್ ಕಟಗೊಂಡು ಬರಿಯಾಕತ್ತೇನಿ.

ಸಿಕ್ಕೀದಿ ಮಗನ! ಇಷ್ಟ ವರ್ಷದಾಗ ಮೊದಲನೇ ಸಲ ನನ್ನ ಕೈಯಾಗ ಸಿಕ್ಕೀದಿ!

ನಿನ್ನ ಲೇಖನ ನಾಕ ಸಲ ಓದಿದೆ. ಛಲೋ ಬರದೀದಿ, ಅದರಾಗ ಎರಡ ಮಾತಿಲ್ಲ. ಆದರ ಕೋಷ್ಟಕದಾಗ ಎಲ್ಲಾರ ಮುಂದೂ ಕಳದ ಅಂಕಿ ಐತಿ, ಕಪಿಲ್ ಮುಂದ ಖಾಲಿ! "ಇವನ ಆಟವನ್ನು ಅಂಕಿಯಲ್ಲಿ ಹೇಳಲಾಗದು" ಅಂತ ಒಂದ ಸಾಲ ಬರದ ಮುಂದ ಹೋಗೀದಿ. ಯಾಕ ಹೇಳಲಾಗದು? ನಾನ ಮೆಣಸಿನಕಾಯಿ ಲಾಟಿನ ದರದ ಚೀಟಿ ಹಿಂದ ಕಳದೆ. 31.05ರಾಗ 29.64 ಹೋದ್ರ 1.41. ಏನೋ ತಪ್ಪೇನಿ ಅಂತ ಮಗಳು ಭುವನಾಗ ಕೊಟ್ಟೆ, ಅಕಿ ಕ್ಯಾಲ್ಕುಲೇಟರ್ ಒತ್ತಿ "ಅಪ್ಪಾ, ಒಂದು ಪಾಯಿಂಟ್ ನಾಕು ಒಂದ" ಅಂದ್ಲು. ಇಮ್ರಾನ್‌ಂದು 14.88. ಹದಿನಾಲ್ಕು ಇದ್ದಾಂವ ನಾಕನೇ ನಂಬರು, ಒಂದೂವರೀನೂ ಇಲ್ಲದಾಂವ ಎರಡನೇ ನಂಬರು! ಇದನ್ನ ಛಾಪಿಸಿದ್ರ ಇಡೀ ಜಿಲ್ಲಾ ನಿನಗ ನಗತೇತಿ.

ನಾ ಕಪಿಲ್ ಕಡೀದಾಂವ, ಅದು ನಿನಗೂ ಗೊತ್ತೈತಿ. ನನ್ನ ಮಾತ ಕೇಳಿದ್ರ ಅವನ್ನ ಸೋಬರ್ಸ್ ಬಾಜೂಕ ಕುಂದರಸತಿದ್ದೆ. ಆದರ ನೀ ಕಳಿಯೂ ಲೆಕ್ಕ ಅಂತ ಹೇಳಿ ಕಳೀದ ಬಿಟ್ರ ಹೆಂಗ? ಈದಿನ ಗದ್ದಲದಾಗ ಮರತೀ ಅನಸತೈತಿ. ಲಗೂನ ತಿದ್ದಿ ಕಳಸು. ಮತ್ತ ಈ ತಪ್ಪ ನಾ ಹಿಡದೇನಿ ಅಂತ ಮಹಮೂದಾ ವೈನಿಯವರಿಗೆ ಮರೀದ ಹೇಳು.

ಗೆದ್ದ ಖುಷಿಯೊಳಗ
ಅಂದಾನೆಪ್ಪ

*

ರಾಣೇಬೆನ್ನೂರು
9 ಫೆಬ್ರುವರಿ 2004

ಅಂದಾನೆಪ್ಪಾ,

ನಿನ್ನ ಪತ್ರ ಮುಟ್ಟಿತು. ಭುವನಾನ ಲೆಕ್ಕ ಬರೋಬ್ಬರಿ ಐತಿ.

ನಾ ಮರತಿಲ್ಲ. ಬೇಕಂತ ಬಿಟ್ಟೇನಿ. ಲೇಖನ ಹೆಂಗೈತಿ ಹಂಗ ಹೋಗಲಿ. ನಮ್ಮ ಮಂದಿ ಓದೂ ಪೇಪರು, ಕಪಿಲ್ ಎರಡನೇದಾಗ ಇದ್ರ ಯಾರಿಗೇನು ನಷ್ಟ? ನೀನೂ ಖುಷಿ ಆಗಬೇಕಿತ್ತು.

ಪಟ್ಟಾ ಹೊಸಾದ ಹಾಕ್ಸಿದೆ. ನೀ ಸೀನಬ್ಯಾಡ, ಬೆಲ್ಲದ ನೀರ ಕುಡಿ.

ನಾಸೀರ

*

ಬ್ಯಾಡಗಿ
15 ಫೆಬ್ರುವರಿ 2004

ನಾಸೀರ,

ಬೆಲ್ಲದ ನೀರ ನೀನ ಕುಡಿ. ನಿನ್ನ ಪತ್ರ ಓದಿ ನನಗ ಸಿಟ್ಟ ಬಂದೇತಿ.

1985ರಾಗ ಹಲಗೇರಿ ಮ್ಯಾಚು, ನೆನಪೈತಿಲ್ಲೋ? ನಾ ಐವತ್ತಾತು ಅಂತ ಬ್ಯಾಟ್ ಮ್ಯಾಲೆತ್ತಿದೆ, ಮಂದಿ ಚಪ್ಪಾಳಿ ಹೊಡದ್ರು. ನೀ ಬೇವಿನ ಗಿಡದ ಕೆಳಗಿಂದ ಕೈ ಅಲ್ಲಾಡ್ಸಿ "ನಲವತ್ತೊಂಬತ್ತು! ಒಂದ ರನ್ ಕಾಲಿಗೆ ಬಡದ ಬಂದೇತಿ, ಲೆಗ್ ಬೈ!" ಅಂತ ಒದರಿದಿ. ಎತ್ತಿದ ಬ್ಯಾಟ್ ಇಳಿಸಿದೆ. ಮುಂದಿನ ಬಾಲಿಗೇ ಸ್ಟಂಪ್ ಹಾರಿದ್ವು. ಇವತ್ತಿನ ತನಕಾ ನನ್ನ ಹೆಸರಿಗೆ ಒಂದ ಅರ್ಧ ಶತಕ ಇಲ್ಲ. ಅದೊಂದ ರನ್ ನನಗ ಕೊಟ್ಟಿದ್ರ ಯಾರಿಗೇನು ನಷ್ಟ ಇತ್ತು? ಜೀವದ ಗೆಳ್ಯಾಗ ಒಂದ ರನ್ ಬಿಡದಾಂವ ನೀ, ಕಪಿಲ್‌ಗ ನಾಕ ಸ್ಥಾನ ಪುಕ್ಕಟ ಕೊಡತಿ?

ಇಲ್ಲಿ ನನ್ನ ಕೆಲಸ ಏನಂತ ನಿನಗ ಗೊತ್ತೈತಿ. ಮೆಣಸಿನಕಾಯಿ ರಾಶಿ ಮುಂದ ನಿಂತು, ಮುರದು, ಬಣ್ಣಾ ನೋಡಿ, ಚೀಟಿ ಮ್ಯಾಲೆ ದರ ಬರದು ಡಬ್ಬ್ಯಾಗ ಹಾಕೂದು. ರಾಶಿ ಮ್ಯಾಲೆ ನಂಬರ ಇರತೈತಿ. ಇದು ನಮ್ಮ ಬೀಗರದೋ, ಗುತ್ತಲದ ಪರಿಚಯದವರದೋ ಅಂತ ನಾ ನೋಡಂಗಿಲ್ಲ. ಒಮ್ಮೆ ನಮ್ಮ ಸ್ವಂತ ಸೋದರಮಾವನ ಮಾಲಿಗೆ ಕಮ್ಮಿ ದರ ಹಾಕಿ ಎರಡ ವರ್ಷ ಮಾತು ಬಿಡಿಸಿಕೊಂಡೇನಿ. ಇದು ನಾ ಕಲತದ್ದು ಮಾರ್ಕೆಟ್ಟಿನಾಗಲ್ಲ, ನಿನ್ನ ಸ್ಕೋರ್ ಬುಕ್ಕಿನಾಗ.

ನೀ ಸುಳ್ಳ ಬರಿಯೂ ಮನಶ್ಯಾ ಅಲ್ಲ. ಏನೋ ಐತಿ. ನನಗ ಹೇಳದ ಯಾರಿಗೆ ಹೇಳತಿ? ಹೇಳೂ ತನಕಾ ನಿನ್ನ ಲೇಖನ ವಾಪಸ್ ಕಳಸಂಗಿಲ್ಲ.

ಅಂದಾನೆಪ್ಪ

*

ರಾಣೇಬೆನ್ನೂರು
26 ಫೆಬ್ರುವರಿ 2004

ಅಂದಾನೆಪ್ಪಾ,

ಮೂರ ಸಲ ಬರದು ಹರದೇನಿ. ಇದು ನಾಕನೇದು, ಹೆಂಗಾಗತೈತಿ ಹಂಗ ಕಳಸಿಬಿಡತೇನಿ.

1987ರ ಬೆಂಗಳೂರ ಟೆಸ್ಟ್, ಪಾಕಿಸ್ತಾನದ ಮ್ಯಾಲೆ; ಅವರ ಕ್ಯಾಪ್ಟನ್ ಇಮ್ರಾನ್, ನಮ್ಮಾಂವ ಕಪಿಲ್. ಕಡೀ ದಿವಸ ನನ್ನ ಅಂಗಡ್ಯಾಗ ರೇಡಿಯೋ ಸುತ್ತ ಏಳೆಂಟ ಮಂದಿ ಕುಂತಿದ್ವಿ. ಆ ದಿನಗಳಾಗ ನಾ ಇಮ್ರಾನ್ ದೊಡ್ಡಾಂವ ಅಂತಿದ್ದೆ, ನೀ ಕಪಿಲ್ ಅಂತಿದ್ದಿ, ದಿನಾ ಸಂಜೀಕ ಇದ ಜಗಳ. ಚಹಾ ಆರಿ ಹೋಗತಿತ್ತು, ನಮ್ಮ ಜಗಳ ಆರತಿರಲಿಲ್ಲ. ಆವತ್ತ ಗಾವಸ್ಕರ್ ತೊಂಬತ್ತಾರಕ್ಕ ಔಟಾದ. ಹದಿನಾರ ರನ್ನಿನಾಗ ನಾವು ಸೋತ್ವಿ. ನೀ ಎದ್ದ ನಿಂತು ಎಲ್ಲಾರ ಮುಂದ ನನಗ ಅಂದಿ, "ನಿಮ್ಮಾಂವ ಗೆದ್ದ ನೋಡು ನಾಸೀರ, ಪೇಢೆ ಹಂಚು."

ಗಾವಸ್ಕರ್ ಔಟಾದಾಗ ನನ್ನ ಕಣ್ಣಾಗ ನೀರ ಬಂದಿದ್ವು ಅಂದಾನೆಪ್ಪಾ. ಅದನ್ನ ಯಾರೂ ನೋಡಿರಲಿಲ್ಲ.

ಮರುದಿವಸ ನೀ ಬಂದು ಮತ್ತ ಅದ ಜಗಳ ತೆಗದಿ. ನಾ "ಹೌದಪಾ, ಕಪಿಲ್ ದೊಡ್ಡಾಂವ" ಅಂದೆ. ನೀ ಖುಷಿಯಾದಿ. ಆವತ್ತಿಂದ ಹದಿನೇಳ ವರ್ಷ ನಾ ಹಂಗ ಅಂತ ಬಂದೇನಿ. ಅಂಗಡ್ಯಾಗ ಯಾರಿದ್ದಾರ ಅಂತ ಮೊದಲ ನೋಡತೇನಿ, ಆಮ್ಯಾಲೆ ಮಾತ ಆಡತೇನಿ. ಇಮ್ರಾನ್ ದೊಡ್ಡಾಂವ ಅಂತ ನೀ ಅಂದ್ರ ಅದು ಕ್ರಿಕೆಟ್. ಅದ ಮಾತ ನಾ ಅಂದ್ರ ಬ್ಯಾರೇ ಆಗತೈತಿ. ಇದನ್ನ ನನಗ ಯಾರೂ ಕುಂದರಿಸಿ ಹೇಳಿಕೊಟ್ಟಿಲ್ಲ, ತಾನ ತಿಳದೇತಿ.

ಖರೇ ಹೇಳಬೇಕಂದ್ರ ನನ್ನ ಲೆಕ್ಕದಾಗ ಸೋಬರ್ಸ್ ಆದ ಮ್ಯಾಲೆ ಇಮ್ರಾನ್. ಮಿಲ್ಲರ್ ಮೂರನೇದು. ಅಂಕಿ ಪ್ರಕಾರ ಕಪಿಲ್ ಆರನೇದು, ಆದರ ನಮ್ಮ ಸತ್ತ ಪಿಚ್ಚಿನ ಮ್ಯಾಲೆ, ಒಂದ ಟೆಸ್ಟೂ ಗಾಯ ಅಂತ ಕುಂದ್ರದ ನೂರಾ ಮೂವತ್ತೊಂದ ಆಡಿದಾಂವ ಅಂತ ನಾಕಕ್ಕ ಏರಸ್ತೇನಿ. ಲೇಖನ ಬರಿಯೂವಾಗ ಅವನ್ನ ಎರಡಕ್ಕ ಹಾಕಿ, ಇಮ್ರಾನ್‌ನ ಮಿಲ್ಲರ್ ಕೆಳಗ ನಾಕಕ್ಕ ಇಳಿಸಿದೆ. ಕಪಿಲ್ ಮುಂದ ಸುಳ್ಳ ಅಂಕಿ ಬರಿಯಾಕ ಮಾತ್ರ ಕೈ ಏಳಲಿಲ್ಲ. ಅದಕ್ಕ ಖಾಲಿ ಬಿಟ್ಟೆ. ನೀ ಅದನ್ನ ಹಿಡದಿ.

ಈಗ ಖರೇ ಲೆಕ್ಕದ ಲೇಖನಾನೂ ಬರದೇನಿ. ಸಂಚಿಕಿ ಬರೂದು ಮಾರ್ಚ್ 25ಕ್ಕ. ಒಂದ ಮಾತ ಕೇಳತೇನಿ, ನಡಸಿ ಕೊಡತೀಯೇನು? ಅದರ ಕೆಳಗ ನಿನ್ನ ಹೆಸರ ಹಾಕೂಣು. ಅಂದಾನೆಪ್ಪ, ಬ್ಯಾಡಗಿ. ಆಗ ಇಮ್ರಾನ್ ಎರಡನೇದಾಗ ಕುಂತ್ರೂ ಯಾರೂ ಏನೂ ಅನ್ನಂಗಿಲ್ಲ. ಲೆಕ್ಕ ಖರೇ ಛಾಪ ಆಗತೈತಿ, ನನಗ ಅಷ್ಟ ಸಾಕು.

ನಿನ್ನ
ನಾಸೀರ

*

(ಕಾರ್ಡು)
ಬ್ಯಾಡಗಿ
1 ಮಾರ್ಚ್ 2004

ನಾಸೀರ, ಆತು, ನನ್ನ ಹೆಸರ ಹಾಕು. ಅದರಾಗೇನೈತಿ. 87ರ ಮಾತು ನನಗ ನೆನಪಿಲ್ಲ, ಚೇಷ್ಟೀಲೆ ಅಂದಿರಬೇಕು. ನೀ ಎಲ್ಲಾ ಮನಸಿಗೆ ಹಚ್ಚಿಕೊಳ್ಳಾಂವ. ಇವತ್ತ ಎರಡ ಲಕ್ಷ ಚೀಲ ಬಂದಾವ, ಪುರಸೊತ್ತಿಲ್ಲ. — ಅಂದಾನೆಪ್ಪ

*

ಬ್ಯಾಡಗಿ
13 ಮಾರ್ಚ್ 2004

ನಾಸೀರ,

ನನ್ನ ಹೆಸರ ಹಾಕಬ್ಯಾಡ. ವಿಜಯಮಹಾಂತೇಶಗ ಕೊಟ್ಟಿದ್ರ ನಾನ ಹಾವೇರಿಗೆ ಹೋಗಿ ತೆಗಸ್ತೇನಿ.

ಕಾರ್ಡ್ ಹಾಕಿದ ಮ್ಯಾಲೆ ಮನ್ಯಾಗ ದೊಡ್ಡಸ್ತನಿಕೆ ತೋರ್ಸಾಕ ಹೋದೆ. ಪೇಪರಿನಾಗ ನನ್ನ ಹೆಸರ ಬರತೈತಿ, ನಾಸೀರ ಬರದದ್ದಕ್ಕ ನಾ ಹೆಸರ ಕೊಡಾಕತ್ತೇನಿ ಅಂತ ಪುಷ್ಪಲತಾಗ ಹೇಳಿದೆ. ಅಕಿ ರೊಟ್ಟಿ ಬಡಿಯಾಕತ್ತಿದ್ಲು. ಕೈ ನಿಲ್ಲಿಸಿ, "ಅವರು ಬರದದ್ದು, ಅವರ ಹೆಸರ ಯಾಕ ಬ್ಯಾಡಂತ?" ಅಂದ್ಲು. ಹೆಣ್ತಿ ಮುಂದ ಇಷ್ಟ ಸಣ್ಣಾಂವ ನಾ ಯಾವತ್ತೂ ಆಗಿರಲಿಲ್ಲ. ಉಣ್ಣದ ಎದ್ದ ಹೋದೆ.

ಈಗ ಖರೇ ಬರೀತೇನಿ. 87ರ ಮಾತು ನನಗ ನೆನಪಿಲ್ಲ ಅಂದದ್ದು ಸುಳ್ಳ. ನೆನಪೈತಿ. ಆ ಮಾತ ಅಂದ ಮ್ಯಾಲೆ ನೀ ಹೋಗಿ ಮಷೀನಿನ ಮುಂದ ಕುಂತು ತುಳಿಯಾಕ ಹತ್ತಿದಿ. ಸೂಜ್ಯಾಗ ದಾರಾನ ಇರಲಿಲ್ಲ. ನಾ ಬಾಗಲದಾಗ ನಿಂತು ನೋಡಿದೆ. ನೋಡಿ ಮನಿಗೆ ಹೋದೆ. ಆವತ್ತ ಒಳಗ ಬಂದು ನಿನ್ನ ಹೆಗಲ ಮ್ಯಾಲೆ ಕೈ ಇಟ್ಟಿದ್ರ ಮುಗೀತಿತ್ತು. ಮರುದಿವಸ ನೀ ಕಪಿಲ್ ಅಂದಾಗ, ಸದ್ಯ ಇಂವ ಮರತಾನ ಅಂತ ತಿಳಕೊಂಡೆ. ಅಷ್ಟ ಅಲ್ಲ, ನಾ ಗೆದ್ದೆ ಅಂತಾನೂ ತಿಳಕೊಂಡೆ. ಹದಿನೇಳ ವರ್ಷ ಕಂಡಕಂಡವರ ಮುಂದ, ನಾಸೀರನಂಥಾ ಲೆಕ್ಕದ ಮನಶ್ಯಾನ ಕಪಿಲ್ ಅಂತ ಒಪ್ಪ್ಯಾನ ಅಂತ ಹೇಳಿಕೊಂಡ ತಿರುಗೇನಿ.

ತಪ್ಪಾತು ನಾಸೀರ. ಭಾಳ ತಡಾ ಮಾಡಿ ಅನ್ನಾಕತ್ತೇನಿ.

ನಾ ಮಾಡಿದ ತಪ್ಪಿಗೆ ನನ್ನ ಹೆಸರ ಕೊಟ್ರ ಅದು ತಿದ್ದಿದಂಗಾಗಂಗಿಲ್ಲ. ಖರೇ ಮಾತಿಗೆ ನನ್ನ ಹೆಸರ ನಡೀತೈತಿ, ನಿನ್ನದು ನಡ್ಯಂಗಿಲ್ಲ ಅಂತ ನಾನ ಸಹಿ ಹಾಕಿದಂಗ ಆಗತೈತಿ. ನಿನ್ನ ಲೆಕ್ಕ, ನಿನ್ನ ಹೆಸರು. ಯಾರರ ಏನರ ಅಂದ್ರ ನಾ ಬರತೇನಿ, ಸೀಜನ್ ಇರಲಿ ಏನ ಇರಲಿ. ಆದರ ನಿನಗ ಅಂಜಿಕಿ ಇದ್ರ ಛಾಪಿಸಬ್ಯಾಡ, ಅದಕ್ಕೂ ನಾ ಏನೂ ಅನ್ನಂಗಿಲ್ಲ. ನಿನ್ನ ಹಳೇ ಲೇಖನಾನೂ ಇದರ ಜೋಡಿ ವಾಪಸ್ ಇಟ್ಟೇನಿ. ಆ ಊರಾಗ ಬಾಳೇ ಮಾಡಾಂವ ನೀ. ನಾ ಇಲ್ಲಿ ಕುಂತು ಧೈರ್ಯಾ ಹೇಳೂದು ಸಸಾರ.

ನಿನ್ನ
ಅಂದಾನೆಪ್ಪ

*

ರಾಣೇಬೆನ್ನೂರು
2 ಏಪ್ರಿಲ್ 2004

ದೋಸ್ತ ಅಂದಾನೆಪ್ಪಾ,

ಪೇಪರ್ ನೋಡೀದಿ ಅಂತ ಗೊತ್ತೈತಿ. ಮೂರನೇ ಪುಟ, ಎರಡನೇ ಸ್ಥಾನ ಇಮ್ರಾನ್, ಕೆಳಗ ನಾಸೀರ, ರಾಣೇಬೆನ್ನೂರು. ಫೋಟೋದಾಗ ನನ್ನ ಮಾರಿ ಕರ್ರಗ ಬಂದೇತಿ. ಮಹಮೂದಾ ಅದಕ್ಕೂ ಏನೋ ಅಂದ್ಲು, ಬರಿಯಂಗಿಲ್ಲ.

ಕೊಡಾಕ ಹೋಗೂವಾಗ ಹಾವೇರಿ ಬಸ್‌ಸ್ಟ್ಯಾಂಡಿನಾಗ ಒಂದ ತಾಸ ಸುಮ್ನ ಕುಂತಿದ್ದೆ. ಎರಡೂ ಲೇಖನ ಚೀಲದಾಗ ಇದ್ವು. ಯಾವದು ಕೊಡತೇನಿ ಅಂತ ಪತ್ರಿಕೆ ಆಫೀಸಿನ ಮೆಟ್ಟಲ ಹತ್ತೂ ತನಕಾ ನನಗ ಗೊತ್ತಿರಲಿಲ್ಲ. ವಿಜಯಮಹಾಂತೇಶ ಓದಿ, ಕನ್ನಡಕ ತೆಗದು, "ನಾಸೀರಣ್ಣ, ಹಿಂಗ ಇರಲೇನ್ರಿ?" ಅಂತ ಕೇಳಿದ. ಇರಲಿ ಅಂದೆ.

ಪೇಪರ್ ಬಂದ ದಿವಸ ಯಾರೂ ಏನೂ ಅನ್ನಲಿಲ್ಲ. ಮರುದಿವಸ ಬಾಗಲದ ಸಂದ್ಯಾಗ ಅದ ಪುಟ ಮಡಚಿ ತುರುಕಿದ್ರು. ನನ್ನ ಫೋಟೋದ ಮ್ಯಾಲೆ ಪೆನ್ನಿಲೆ "ಅಲ್ಲೇ ಹೋಗು" ಅಂತ ಬರದಿತ್ತು. ಯಾರಂತ ಗೊತ್ತಿಲ್ಲ. ನಿನಗ ಸುಳ್ಳ ಹೇಳೂದ ಬಿಟ್ಟೇನಲ್ಲ, ಅದಕ್ಕ ಬರೀತೇನಿ. ಅದನ್ನ ಮಡಚಿ ಒಲಿಗೆ ಹಾಕಿದೆ, ಮಹಮೂದಾಗ ತೋರ್ಸಿಲ್ಲ. ಎರಡ ದಿವಸ ಅನ್ನ ಸೇರಲಿಲ್ಲ.

ಅದಾದ ಮೂರನೇ ದಿವಸ, ಮುಲ್ತಾನಿನಾಗ ಸೆಹವಾಗ್ ಮುನ್ನೂರ ಹೊಡದ ಸಂಜೀಕ, ಗುತ್ತಲ ಬಸ್ಸಿನ ಕಂಡಕ್ಟರ್ ಸಿದ್ದಲಿಂಗೇಶ ಪೇಪರ್ ಹಿಡಕೊಂಡು ಅಂಗಡಿಗೆ ನುಗ್ಗಿದ. ಮಾರಿ ಕೆಂಪಾಗಿತ್ತು. ನಾ ಕತ್ತರಿ ಕೆಳಗಿಟ್ಟು ಎದ್ದ ನಿಂತೆ. "ನಾಸೀರಣ್ಣ, ಇದೇನ ಬರದೀರಿ? ಮಿಲ್ಲರ್ ಮೂರನೇದಾಗ ಹೆಂಗ ಬರತಾನ? ಐವತ್ತೈದ ಟೆಸ್ಟ್ ಆಡಿದಾಂವ! ಬಾಥಮ್ ನೂರಾ ಎರಡ ಆಡ್ಯಾನ!" ಅಂತ ಮೇಜ ಬಡದ. ನಾನೂ ಬಡದೆ. ಅಂವ ಒದರಿದ, ನಾನೂ ಒದರಿದೆ. ಮಹಮೂದಾ ಅಂಜಿ ಒಳಗಿಂದ ಓಡಿ ಬಂದ್ಲು. ನಾ ನಗಾಕತ್ತಿದ್ದೆ ಅಂತ, ಅಕಿ ಹೇಳಿದ ಮ್ಯಾಲೆ ನನಗ ಗೊತ್ತಾತು.

ಇಮ್ರಾನ್ ಮಾತ ಅಂವ ಎತ್ತಲಿಲ್ಲ. ಎತ್ತಬೇಕು ಅಂತ ಅವಂಗ ಅನಸಲೇ ಇಲ್ಲ. ಒಂಬತ್ತರ ಬಸ್ ಬಿಡೂ ತನಕಾ ಬಾಥಮ್, ಬಾಥಮ್ ಅಂತ ಕಿವಿ ತಿಂದ ಹೋದ.

ಹಿಂದಿನ ಪತ್ರದಾಗ ನೀ ತಪ್ಪಾತು ಅಂದೀದಿ. ಮುಗೀತು ಅಂದಾನೆಪ್ಪಾ. ಮತ್ತ ಅದನ್ನ ತೆಗೀಬ್ಯಾಡ.

ನಿನ್ನ
ನಾಸೀರ

*

ಬ್ಯಾಡಗಿ
5 ಏಪ್ರಿಲ್ 2004

ಲೇ ನಾಸೀರ,

ಆ ಪುಟ ತುರುಕಿದ ಮಗನ ಹೆಸರ ಗೊತ್ತಾದ್ರ ಹೇಳು. ಗೊತ್ತಾಗದಿದ್ರ ಬಿಡು. ಆದರ ಇನ್ನಮ್ಯಾಲೆ ಅಂಥಾದ್ದು ಬಂದ್ರ ಒಬ್ಬನ ಒಲಿಗೆ ಹಾಕಬ್ಯಾಡ, ನನಗ ಹೇಳಿ ಹಾಕು.

ನಿನ್ನ ಲೇಖನ ಇಲ್ಲಿ ಮಾರ್ಕೆಟ್ಟಿನಾಗ ಹತ್ತ ಮಂದಿಗೆ ಓದಿ ತೋರ್ಸೇನಿ. ನನ್ನ ದೋಸ್ತ ಬರದಾನ ಅಂತ ಎದಿ ಉಬ್ಬಿಸಿ ಹೇಳೇನಿ. ಅದು ಬ್ಯಾರೇ. ಈಗ ಕೆಲಸಕ್ಕ ಬರೂಣು.

ನಿನ್ನ ಲೆಕ್ಕ ನಾ ಒಪ್ಪಂಗಿಲ್ಲ. ಒಂದೂ ಒಪ್ಪಂಗಿಲ್ಲ! ವಿನೂ ಮಂಕಡನ ಮುಂದ ಮೈನಸ್ ಸೊನ್ನೆ ಪಾಯಿಂಟ್ ಎಂಟು ಐದು ಅಂತ ಬರಿಯಾಕ ನಿನ್ನ ಕೈ ಹೆಂಗ ಬಂತೋ? ಲಾರ್ಡ್ಸಿನಾಗ ಒಂದ ಟೆಸ್ಟಿನಾಗ 72, 184 ಹೊಡದು, ನಡಕ ಎಪ್ಪತ್ಮೂರ ಓವರ್ ಹಾಕಿದಾಂವ ಸೊನ್ನೆಕಿಂತ ಕೆಳಗ? ಹಂಗಂದ್ರ ತಪ್ಪಿರೂದು ಮಂಕಡನಾಗಲ್ಲ, ನಿನ್ನ ಕಳಿಯೂ ಲೆಕ್ಕದಾಗ. ಇಮ್ರಾನ್ ಕಡೀ ಕಡೀಕ ಬೌಲಿಂಗ್ ಕಮ್ಮಿ ಮಾಡಿ ಬರೇ ಬ್ಯಾಟ್ ಮಾಡಿ ಸರಾಸರಿ ಏರಿಸಿಕೊಂಡ. ಕಪಿಲ್ ಮಾತ್ರ ನಮ್ಮ ಕಾಂಕ್ರೀಟ್ ಪಿಚ್ಚಿನ ಮ್ಯಾಲೆ ಒಬ್ಬನ ಎತ್ತಿನಂಗ ದುಡದ, ಆಕಡೆ ಹಿಡಿಯಾಕ ಇನ್ನೊಬ್ಬ ಬೌಲರ್ ಇರಲಿಲ್ಲ. ನಾನೂರಾ ಮೂವತ್ನಾಕ ವಿಕೆಟ್! ಅವನ್ನ ನಾಕನೇದಾಗ ಕುಂದರಸ್ತಿ? ಹೊಲಿಗಿ ಕಲತಾಂವಗ ಕ್ರಿಕೆಟ್ ಹೆಂಗ ತಿಳೀಬೇಕು!

ಇದಕ್ಕೆಲ್ಲಾ ನಿನ್ನ ಹತ್ತರ ಉತ್ತರ ಇರತೈತಿ ಅಂತ ನನಗ ಗೊತ್ತೈತಿ. ಇರಲೇಬೇಕು. ಹದಿನೇಳ ವರ್ಷ ನಾ ಒಬ್ಬನ ಆಡಿ ಗೆದ್ದೇನಿ ನಾಸೀರ, ಅದಕ್ಕ ಗೆದ್ದದ್ದು ಅನ್ನಂಗಿಲ್ಲ. ಬರೂ ಆದಿತವಾರ ಮಾರ್ಕೆಟ್ ಇಲ್ಲ, ಮುಂಜಾನೆ ಬಸ್ಸಿಗೆ ಬರತೇನಿ. ಅಂಗಡ್ಯಾಗ ಎಷ್ಟ ಮಂದಿ ಇರತಾರ ಇರಲಿ, ಎಲ್ಲಾರ ಮುಂದ ನಾ ಕಪಿಲ್ ಅಂತೇನಿ. ನೀ ಇಮ್ರಾನ್ ಅನ್ನು, ಗಟ್ಟಿಯಾಗಿ ಅನ್ನು.

ಈ ಸಲ ಮಾತ್ರ ಬಿಟ್ಟುಕೊಡಬ್ಯಾಡ.

ನಿನ್ನ
ಅಂದಾನೆಪ್ಪ